ಚಾರ್ಜರಿನ ಬೆನ್ನ ಮೇಲಿನ ಸಣ್ಣಕ್ಷರ

ನಿಮ್ಮ ಲ್ಯಾಪ್‌ಟಾಪ್ ಚಾರ್ಜರನ್ನೊಮ್ಮೆ ತಿರುಗಿಸಿ ನೋಡಿ. ಸಣ್ಣಕ್ಷರಗಳ ನಡುವೆ ‘100–240 ವೋಲ್ಟ್, 50/60 ಹರ್ಟ್ಜ್’ ಎಂದಿದ್ದರೆ ವಿದೇಶಕ್ಕೆ ಹೋಗುವಾಗ ಪಿನ್ನಿನ ಆಕಾರ ಹೊಂದಿಸುವ ಅಗ್ಗದ ಅಡಾಪ್ಟರ್ ಒಂದು ಸಾಕು. ಎಲ್ಲ ಉಪಕರಣಗಳಿಗೂ ಈ ಅನುಕೂಲವಿಲ್ಲ ಎಂದು ನಮಗೆ ತಿಳಿದದ್ದು ಮಿಕ್ಸಿಯಿಂದ. ಅಮೆರಿಕದಲ್ಲಿರುವ ಅಕ್ಕನಿಗೆಂದು ಅಮ್ಮ ಪುಣೆಯಿಂದ ಹೊತ್ತೊಯ್ದ ಮಿಕ್ಸಿ, ಅಲ್ಲಿ ಉದ್ದಿನಬೇಳೆ ಹಾಕಿದೊಡನೆ ನಿಂತೇಹೋಯಿತು. ಅದಕ್ಕೆ ಬೇಕಾದದ್ದು 230 ವೋಲ್ಟ್; ಅಲ್ಲಿ ಸಿಗುವುದು 120. ಅದೇ ಗೋಡೆಯ ಕರೆಂಟಿನಲ್ಲಿ ನನ್ನ ಚಾರ್ಜರ್ ಮಾತ್ರ ತಕರಾರಿಲ್ಲದೆ ನಡೆಯಿತು.

ಜಗತ್ತು ಹೀಗೆ ಎರಡು ಪಾಲಾದದ್ದು ಬಲ್ಬಿನ ಕಾಲದಲ್ಲಿ. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ನನ ವಿದ್ಯುತ್ ಕೇಂದ್ರ ಶುರುವಾದಾಗ, ಅವನ ಇಂಗಾಲದ ಎಳೆಯ ಬಲ್ಬಿಗೆ ಹೊಂದುತ್ತಿದ್ದದ್ದು ಸುಮಾರು 110 ವೋಲ್ಟ್. ಮುಂದೆ ಡಿಸಿ ಹೋಗಿ ಎಸಿ ಬಂದರೂ ಅಮೆರಿಕ ಆ ಸಂಖ್ಯೆಯ ಆಸುಪಾಸಿನಲ್ಲೇ ಉಳಿಯಿತು. ಬರ್ಲಿನ್ನಿನ ವಿದ್ಯುತ್ ಕಂಪನಿ ಮಾತ್ರ 1899ರಲ್ಲಿ 220ಕ್ಕೆ ಜಿಗಿಯಿತು. ವೋಲ್ಟೇಜ್ ಇಮ್ಮಡಿಯಾದರೆ ಅಷ್ಟೇ ಶಕ್ತಿಗೆ ಅರ್ಧ ಕರೆಂಟ್ ಸಾಕು. ಅದೇ ತಂತಿಯಲ್ಲಿ ನಷ್ಟ ಕಾಲುಭಾಗಕ್ಕಿಳಿಯುತ್ತದೆ. ಗಿರಾಕಿಗಳ ಉಪಕರಣ ಬದಲಿಸುವ ಖರ್ಚು ತಂತಿಯ ಉಳಿತಾಯದಲ್ಲೇ ಸರಿಹೋಯಿತು. ಯುರೋಪಿನ ಉಳಿದ ಭಾಗವೂ ಕ್ರಮೇಣ ಆ ದಾರಿ ಹಿಡಿಯಿತು.

ಸೆಕೆಂಡಿಗೆ ಕರೆಂಟ್ ಎಷ್ಟು ಸಲ ಹಿಂದುಮುಂದಾಗಬೇಕು ಎಂಬುದರಲ್ಲೂ ಒಮ್ಮತವಿರಲಿಲ್ಲ. ಜರ್ಮನಿಯ ಎಇಜಿ 50 ಅಂದಿತು, ಅಮೆರಿಕದ ವೆಸ್ಟಿಂಗ್‌ಹೌಸ್ 60 ಅಂದಿತು. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ಕರೆಂಟಿನದು 25.

ಈ ಭಿನ್ನಮತಕ್ಕೆ ದೊಡ್ಡ ಬೆಲೆ ತೆತ್ತದ್ದು ಜಪಾನ್. 1890ರ ದಶಕದಲ್ಲಿ ಟೋಕಿಯೊ ಜರ್ಮನಿಯಿಂದ 50 ಹರ್ಟ್ಜ್‌ನ ಜನರೇಟರುಗಳನ್ನು ತರಿಸಿತು, ಒಸಾಕಾ ಅಮೆರಿಕದಿಂದ 60ರದ್ದನ್ನು. ದೇಶ ಇಂದಿಗೂ ಎರಡು ಹೋಳು. 2011ರ ಮಾರ್ಚ್‌ನ ಭೂಕಂಪ, ಸುನಾಮಿಯಲ್ಲಿ ಪೂರ್ವದ ವಿದ್ಯುತ್ ಸ್ಥಾವರಗಳು ನಿಂತಾಗ, ಪಶ್ಚಿಮದಿಂದ ಕರೆಂಟ್ ಕಳಿಸೋಣವೆಂದರೆ 60ನ್ನು 50 ಮಾಡುವ ಕೇಂದ್ರಗಳ ಸಾಮರ್ಥ್ಯ ಸುಮಾರು 10 ಲಕ್ಷ ಕಿಲೋವ್ಯಾಟ್ ಮಾತ್ರ. ಟೋಕಿಯೊ ಸುತ್ತಮುತ್ತ ಸರದಿಯ ಮೇಲೆ ಕರೆಂಟ್ ತೆಗೆಯಬೇಕಾಯಿತು. ನೂರು ವರ್ಷಕ್ಕೂ ಹಿಂದಿನ ಎರಡು ಖರೀದಿಗಳ ಫಲವಿದು.

ದೇಶಗಳು ಬಗೆಹರಿಸದೆ ಬಿಟ್ಟದ್ದನ್ನು ಚಾರ್ಜರ್ ತನ್ನ ಮಟ್ಟಿಗೆ ಬಗೆಹರಿಸಿಕೊಂಡಿತು. ಹಳೆಯ ಅಡಾಪ್ಟರುಗಳ ಭಾರದ ಟ್ರಾನ್ಸ್‌ಫಾರ್ಮರನ್ನು ಒಂದು ವೋಲ್ಟೇಜಿಗೆಂದೇ ಸುತ್ತಿರುತ್ತಿದ್ದರು. ಡೆಸ್ಕ್‌ಟಾಪ್ ಕಂಪ್ಯೂಟರುಗಳ ಹಿಂಬದಿಯಲ್ಲಿದ್ದ 115/230ರ ಕೆಂಪು ಸ್ವಿಚ್ ಹಲವರಿಗೆ ನೆನಪಿರಬಹುದು. ಇಲ್ಲಿ ಅದನ್ನು 115ಕ್ಕೆ ಇಟ್ಟರೆ ಕತೆ ಮುಗಿದಂತೆ. ಇಂದಿನ ಚಾರ್ಜರ್ ಬಂದ ಎಸಿಯನ್ನು ಮೊದಲು ಡಿಸಿ ಮಾಡುತ್ತದೆ. ಅಲ್ಲಿಗೆ 50, 60ರ ಜಗಳ ಮುಗಿಯಿತು. ಆಮೇಲೆ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸಿ, ಹೊರಬರುವ ವೋಲ್ಟೇಜನ್ನು ಗಮನಿಸುತ್ತಾ ಒಂದೊಂದು ತುಂಡಿನ ಅವಧಿಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಗೋಡೆಯಲ್ಲಿ 100 ಇರಲಿ 240 ಇರಲಿ, ಲ್ಯಾಪ್‌ಟಾಪಿಗೆ ಸಿಗುವುದು ಅದೇ 19 ಅಥವಾ 20 ವೋಲ್ಟ್. ಅನುವಾದಕ್ಕೆ ಕೂತವರಿಗೆ ಈ ಕೆಲಸ ಅಪರಿಚಿತವಲ್ಲ.

ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್, ಮಿಕ್ಸಿಗಳಲ್ಲಿ ಸಾಮಾನ್ಯವಾಗಿ ಈ ಏರ್ಪಾಡಿಲ್ಲ. ಪೆಟ್ಟಿಗೆ ಕಟ್ಟುವ ಮೊದಲು ಅವುಗಳ ಬೆನ್ನನ್ನೂ ಓದಿ. ಅಮ್ಮನ ಮಿಕ್ಸಿ ಈಗ ಪುಣೆಗೆ ವಾಪಸಾಗಿದೆ. ಹಿಟ್ಟು ಚೆನ್ನಾಗಿಯೇ ರುಬ್ಬುತ್ತದೆ.