ಓಡುವ ಗಣಕಕ್ಕೆ ಹೊಸ ಕಾರ್ಡು: ಸೇತುವೆಯಾಚೆಯ ವಿಳಾಸಗಳ ಕಥೆ

ಪೆನ್ ಡ್ರೈವನ್ನು ಗಣಕಕ್ಕೆ ಸಿಕ್ಕಿಸಿದರೆ ಕ್ಷಣದಲ್ಲೇ ಅದರೊಳಗಿನ ಕಡತಗಳು ತೆರೆಯ ಮೇಲೆ ಕಾಣಿಸುತ್ತವೆ. ಗಣಕವನ್ನು ಆರಿಸಿ ಮತ್ತೆ ಚಾಲೂ ಮಾಡಬೇಕೆಂದು ನಿಮಗೆ ಅನ್ನಿಸುವುದೇ ಇಲ್ಲ. ಆದರೆ ಮದರ್‌ಬೋರ್ಡಿನ ಬಸ್ಸಿಗೆ ನೇರವಾಗಿ ಕೂರುವ ನೆಟ್‌ವರ್ಕ್ ಕಾರ್ಡು, ಡಿಸ್ಕ್ ನಿಯಂತ್ರಕ ಮುಂತಾದವನ್ನು ಹೀಗೆ ಓಡುತ್ತಿರುವ ಯಂತ್ರಕ್ಕೆ ಜೋಡಿಸುವುದು ಬಹುಕಾಲ ಸಾಧ್ಯವಿರಲಿಲ್ಲ. ವಿದ್ಯುತ್ ಹರಿಯುತ್ತಿರುವಾಗ ಕಾರ್ಡು ಕಿತ್ತರೆ ಕಾರ್ಡೂ ಸುಡಬಹುದು, ಮದರ್‌ಬೋರ್ಡೂ ಸುಡಬಹುದು. ವಿದ್ಯುತ್ತಿನ ಈ ತೊಡಕನ್ನು ಎಂಜಿನಿಯರುಗಳು ಬೇಗನೆ ಬಿಡಿಸಿದರು. ಹೆಚ್ಚು ಕಾಲ ಕಾಡಿದ್ದು ಬೇರೊಂದು ಪ್ರಶ್ನೆ: ನಡುವೆ ಬಂದು ಸೇರಿದ ಸಾಧನಕ್ಕೆ ವಿಳಾಸ ಕೊಡುವುದು ಹೇಗೆ?

1981ರ ಐಬಿಎಂ ಪಿಸಿಯ ಕಾಲದಲ್ಲಿ ಕಾರ್ಡಿನ ಮೇಲಿದ್ದ ಪುಟ್ಟ ಜಂಪರುಗಳನ್ನು ಕೈಯಿಂದಲೇ ಸರಿಸಿ ವಿಳಾಸ ಗೊತ್ತುಮಾಡಬೇಕಿತ್ತು. ಎರಡು ಕಾರ್ಡುಗಳಿಗೆ ಒಂದೇ ವಿಳಾಸ ಬಿದ್ದರೆ ಎರಡೂ ಕೆಲಸ ಮಾಡುತ್ತಿರಲಿಲ್ಲ. 1992ರಲ್ಲಿ ಇಂಟೆಲ್ ಸಂಸ್ಥೆ ರೂಪಿಸಿದ ಪಿಸಿಐ ಬಸ್ ಈ ಗೋಳನ್ನು ತಪ್ಪಿಸಿತು. ತನಗೆಷ್ಟು ವಿಳಾಸಾವಕಾಶ ಬೇಕೆಂದು ಕಾರ್ಡೇ ಹೇಳುತ್ತದೆ. ಗಣಕ ಚಾಲೂ ಆಗುವಾಗ ಫರ್ಮ್‌ವೇರ್ ಅಥವಾ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅದನ್ನು ಹಂಚಿಕೊಡುತ್ತದೆ.

ಒಂದು ಪಿಸಿಐ ಬಸ್ಸಿಗೆ ಲೆಕ್ಕದಲ್ಲಿ 32 ಸಾಧನಗಳು ಹಿಡಿಸುತ್ತವೆ. ಆದರೆ ತಂತಿಗಳ ವಿದ್ಯುತ್ ಗುಣದಿಂದಾಗಿ ಅಷ್ಟನ್ನು ತುಂಬಲಾಗದು. ಆದ್ದರಿಂದಲೇ 'ಬ್ರಿಡ್ಜ್', ಅಂದರೆ ಸೇತುವೆ. ಇದು ಒಂದು ಬಸ್ಸಿನ ಆಚೆಗೆ ಇನ್ನೊಂದು ಬಸ್ಸನ್ನು ಹೊಂದಿಸುತ್ತದೆ. ಪ್ರತಿ ಸೇತುವೆಯಲ್ಲೂ ಮೂರು ಸಂಖ್ಯೆಗಳಿರುತ್ತವೆ: ಈಚೆಯ ಬಸ್ಸಿನದು, ಆಚೆಯ ಬಸ್ಸಿನದು, ಆಚೆ ಎಷ್ಟೇ ಕವಲೊಡೆದಿದ್ದರೂ ಅಲ್ಲಿನ ಕೊನೆಯ ಬಸ್ಸಿನದು. ಜೊತೆಗೆ ವಿಳಾಸಗಳ ಒಂದು 'ಕಿಟಕಿ'. ಇದನ್ನು 1 ಎಂಬಿಯ ಹೆಜ್ಜೆಗಳಲ್ಲಿ ಹಿಗ್ಗಿಸಬಹುದು, ಆದರೆ ಅದು ಅಖಂಡವಾಗಿರಲೇಬೇಕು. ಕಿಟಕಿಯೊಳಗಿನ ವಿಳಾಸ ಬಂದರೆ ಮಾತ್ರ ಸೇತುವೆ ಅದನ್ನು ಆಚೆ ದಾಟಿಸುತ್ತದೆ.

ತೊಡಕು ಇರುವುದು ಇಲ್ಲೇ. ಮೊದಲ ಸೇತುವೆಯ ಆಚೆ 1ರಿಂದ 3ರವರೆಗಿನ ಬಸ್ಸುಗಳಿವೆ, ಎರಡನೆಯದರ ಆಚೆ 4ನೆಯದು ಇದೆ ಎನ್ನಿ. ಈಗ ಮೊದಲನೆಯದರ ಆಚೆಗೆ, ತನ್ನದೇ ಸೇತುವೆಯಿರುವ ಕಾರ್ಡೊಂದನ್ನು ಸಿಕ್ಕಿಸುತ್ತೀರಿ. ಅದಕ್ಕೆ ಬೇಕಾದದ್ದು 4ನೇ ಸಂಖ್ಯೆ, ಅದು ಆಗಲೇ ಹಂಚಿಹೋಗಿದೆ. ನಮ್ಮ ಬಡಾವಣೆಗಳಲ್ಲಾದರೆ 12ಕ್ಕೂ 13ಕ್ಕೂ ನಡುವೆ ಮನೆಯೆದ್ದರೆ 12/1 ಎಂದು ಬರೆದು ಮುಗಿಸುತ್ತೇವೆ, ಅಂಚೆಯವರೂ ಹೇಗೋ ಹುಡುಕಿಕೊಳ್ಳುತ್ತಾರೆ. ಪಿಸಿಐಗೆ ಆ ಸ್ವಾತಂತ್ರ್ಯವಿಲ್ಲ. ಇರುವುದೇ 0ಯಿಂದ 255ರವರೆಗಿನ 256 ಪೂರ್ಣ ಸಂಖ್ಯೆಗಳು.

ಅಗತ್ಯ ಮೊದಲು ಬಿದ್ದದ್ದು ನಿಲ್ಲಿಸಲಾಗದ ಸರ್ವರುಗಳಲ್ಲಿ. ಕೆಟ್ಟ ಒಂದು ನೆಟ್‌ವರ್ಕ್ ಕಾರ್ಡಿಗಾಗಿ ಇಡೀ ಬ್ಯಾಂಕಿನ ವಹಿವಾಟು ನಿಂತರೆ ಹೇಗೆ? 1997ರಲ್ಲಿ ಪಿಸಿಐ ಹಾಟ್‌ಪ್ಲಗ್ ನಿರ್ದಿಷ್ಟತೆ ಹೊರಬಂತು. ಒಂದೊಂದು ಸ್ಲಾಟಿನ ವಿದ್ಯುತ್ತನ್ನೂ ಬೇರೆಯಾಗಿ ಆರಿಸಿ, ಬಸ್ಸಿನಿಂದ ಬಿಡಿಸಿ, ಕಾರ್ಡು ಬದಲಿಸುವ ಕ್ರಮವಿದು. 2001ರಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಲಿನಕ್ಸ್ ಕರ್ನಲ್‌ಗೆ ಇದರ ಸಾಮಾನ್ಯ ಚೌಕಟ್ಟನ್ನು ಹೊಂದಿಸಿದರು. ಕಾಂಪ್ಯಾಕ್ ಮತ್ತು ಐಬಿಎಂ ಸರ್ವರುಗಳ ಚಾಲಕ ತಂತ್ರಾಂಶಗಳು ಅದರಡಿ ಬಂದವು. ಸ್ಲಾಟೊಂದು ಕಡತದಂತೆ ಕಾಣುತ್ತಿತ್ತು. ಅದರಲ್ಲಿ 0 ಬರೆದರೆ ವಿದ್ಯುತ್ ಹೋಗುತ್ತದೆ, 1 ಬರೆದರೆ ಬರುತ್ತದೆ. ವಿಳಾಸದ ಪ್ರಶ್ನೆಗೆ ಕಾಂಪ್ಯಾಕ್‌ನ ಉತ್ತರ ಸರಳವಾಗಿತ್ತು: ಬರಬಹುದಾದ ಕಾರ್ಡುಗಳಿಗೆಂದು ಫರ್ಮ್‌ವೇರ್ ಮೊದಲೇ ಕಾಯ್ದಿರಿಸಿದ ಪಟ್ಟಿಯಿಂದ ಹಂಚುವುದು. ಲ್ಯಾಪ್‌ಟಾಪುಗಳ ಕಾರ್ಡ್‌ಬಸ್‌ಗೂ ಲಿನಕ್ಸ್ ಇದೇ ಉಪಾಯ ಮಾಡಿತು. ಪ್ರತಿ ಕಾರ್ಡ್‌ಬಸ್ ಸೇತುವೆಗೆ ಹೆಚ್ಚುವರಿಯಾಗಿ 3 ಬಸ್ ಸಂಖ್ಯೆಗಳನ್ನು ಎತ್ತಿಟ್ಟಿತು.

2002ರ ಪಿಸಿಐ ಎಕ್ಸ್‌ಪ್ರೆಸ್ ಚಿತ್ರವನ್ನೇ ಬದಲಿಸಿತು. ಇದರಲ್ಲಿ ಪ್ರತಿ ಸ್ಲಾಟೂ ಒಂದು ಸೇತುವೆಯಾಚೆಯೇ ಇರುತ್ತದೆ. ಹಾಟ್‌ಪ್ಲಗ್ ಕ್ರಮವೂ ಮೂಲ ನಿರ್ದಿಷ್ಟತೆಯಲ್ಲೇ ಸೇರಿತು. ಗುಂಡಿ ಒತ್ತಿದರೆ ದೀಪ ಮಿನುಗುತ್ತದೆ. ಮನಸ್ಸು ಬದಲಿಸಲು ನಿಮಗೆ 5 ಸೆಕೆಂಡುಗಳಿವೆ. ಲಿನಕ್ಸ್ ಹಾಟ್‌ಪ್ಲಗ್ ಸೇತುವೆಯೊಂದಕ್ಕೆ 2 ಎಂಬಿ ಕಿಟಕಿಯನ್ನು ಕಾಯ್ದಿರಿಸುವುದನ್ನು ರೂಢಿ ಮಾಡಿಕೊಂಡಿತು. ಸಾಧಾರಣ ನೆಟ್‌ವರ್ಕ್ ಕಾರ್ಡಿಗೆ ಅದು ಸಾಕು. 256 ಎಂಬಿ ಕೇಳುವ ಗ್ರಾಫಿಕ್ಸ್ ಕಾರ್ಡಿಗೆ ಏನೇನೂ ಸಾಲದು.

2011ರಲ್ಲಿ ಥಂಡರ್‌ಬೋಲ್ಟ್ ಬಂದಾಗ ಈ ಕಾಯ್ದಿರಿಸುವಿಕೆಯ ಬಡತನ ಬಯಲಾಯಿತು. ಒಂದು ಕೇಬಲಿನ ತುದಿಗೆ 6 ಸಾಧನಗಳನ್ನು ಸರಪಳಿಯಂತೆ ಜೋಡಿಸಬಹುದು. ಒಂದೊಂದರಲ್ಲೂ ಹಲವು ಸೇತುವೆಗಳು. ಹತ್ತಿರದ ಸೇತುವೆಗೆ ಅಳೆದೂ ಸುರಿದೂ ಕೊಟ್ಟರೆ ಸರಪಳಿಯಲ್ಲಿ ಮುಂದೆ ಬರುವವಕ್ಕೆ ಏನೂ ಉಳಿಯದು. ಇಂಟೆಲ್‌ನ ಮಿಕಾ ವೆಸ್ಟರ್‌ಬರ್ಗ್ ಸಿದ್ಧಪಡಿಸಿದ ಬದಲಾವಣೆ 2018ರ ಜನವರಿಯಲ್ಲಿ ಬಿಡುಗಡೆಯಾದ 4.15ನೇ ಆವೃತ್ತಿಯಲ್ಲಿ ಸೇರಿತು. ಸದ್ಯದ ಸಾಧನಗಳಿಗೆ ಹಂಚಿ ಉಳಿದದ್ದನ್ನೆಲ್ಲ ಹಾಟ್‌ಪ್ಲಗ್ ಸೇತುವೆಗಳಿಗೇ ಪಾಲು ಮಾಡಿಬಿಡುವುದು ಅದರ ತಂತ್ರ. ಓಡುತ್ತಿರುವ ಸಾಧನಗಳನ್ನು ತಡೆದು ವಿಳಾಸಗಳನ್ನು ಮರುಹಂಚುವ ದಾರಿಯನ್ನು ವಿಂಡೋಸ್ ವಿಸ್ತಾ ಹಿಡಿದಿತ್ತು. ಅದು ಹೆಚ್ಚು ಅಚ್ಚುಕಟ್ಟು ನಿಜ. ಆದರೆ ಪ್ರತಿ ಚಾಲಕ ತಂತ್ರಾಂಶವೂ ನಿಲ್ಲಲು ಒಪ್ಪಬೇಕು. ಲಿನಕ್ಸಿನ ಒರಟು ದಾರಿಯೇ ಹೆಚ್ಚು ನಂಬಿಕೆಗೆ ಅರ್ಹವೆಂದು ನನ್ನ ಅಭಿಪ್ರಾಯ.

ಕೇಬಲನ್ನು ಹೇಳದೆ ಕೇಳದೆ ಎಳೆದರೆ? ಇಲ್ಲದ ಸಾಧನವನ್ನು ಓದಲು ಹೋದರೆ ಎಲ್ಲ ಬಿಟ್‌ಗಳೂ 1 ಆಗಿರುವ ಉತ್ತರ ಬರುತ್ತದೆ. 32 ಬಿಟ್‌ಗಳಲ್ಲಿ ಅದು 4294967295. 'ಈ ಬಿಟ್ 0 ಆಗುವವರೆಗೆ ಕಾಯುತ್ತೇನೆ' ಎಂದು ಬರೆದ ಹಳೆಯ ಚಾಲಕ ತಂತ್ರಾಂಶ ಎಂದೆಂದಿಗೂ ಕಾಯುತ್ತ ಕೂರುತ್ತದೆ, ಕೆಲವೊಮ್ಮೆ ಇಡೀ ಗಣಕವನ್ನೂ ಕೂರಿಸುತ್ತದೆ. ಸಾಧನ ಎಂದೂ ಹೋಗುವುದಿಲ್ಲವೆಂದು ನಂಬಿ ಬರೆದಿದ್ದ ಇಂಥ ಸಾಲುಗಳನ್ನು ಒಂದೊಂದಾಗಿ ಹುಡುಕಿ ತಿದ್ದಬೇಕಾಯಿತು.

ನಿಮ್ಮಲ್ಲಿ ಲಿನಕ್ಸ್ ಗಣಕವಿದ್ದರೆ 'ಎಲ್‌ಎಸ್‌ಪಿಸಿಐ' ಆದೇಶವನ್ನು 'ಟಿ' ಆಯ್ಕೆಯೊಡನೆ ಕೊಟ್ಟು ನೋಡಿ. ಚೆಕ್ ದೇಶದ ಮಾರ್ಟಿನ್ ಮಾರೆಶ್ ಬರೆದ ಈ ಸಾಧನ ಸೇತುವೆಗಳ ಇಡೀ ಮರವನ್ನು ಬಿಡಿಸುತ್ತದೆ. ಬಸ್ ಸಂಖ್ಯೆಗಳು ಹದಿನಾರರ ಪದ್ಧತಿಯಲ್ಲಿರುತ್ತವೆ. ಥಂಡರ್‌ಬೋಲ್ಟ್ ಇರುವ ಲ್ಯಾಪ್‌ಟಾಪಾದರೆ ಒಂದು ಸೇತುವೆಯ ಮುಂದೆ ದೊಡ್ಡದೊಂದು ಶ್ರೇಣಿ ಕಂಡೀತು, ಅದರಡಿ ಒಂದೂ ಸಾಧನವಿಲ್ಲದಿದ್ದರೂ.