ಛಾಯಾಚಿತ್ರದಲ್ಲಿ ಸತ್ಯ ಮತ್ತು ಕಲ್ಪನೆ

ಛಾಯಾಚಿತ್ರವೆಂದರೆ ಕಂಡದ್ದರ ಸಾಕ್ಷಿ ಎಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಚಿತ್ರವನ್ನು ತಿದ್ದುವ ಕಲೆ ಗಣಕಯಂತ್ರಕ್ಕಿಂತ ಬಹಳ ಹಳೆಯದು. 1857ರಲ್ಲಿ ಇಂಗ್ಲೆಂಡಿನಲ್ಲಿ ಆಸ್ಕರ್ ರೈಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರವನ್ನು ರಚಿಸಿದನು. ನಮ್ಮ ಸ್ಟುಡಿಯೋಗಳಲ್ಲಿಯೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ಮರೆಸುವುದು, ಕಪ್ಪು-ಬಿಳುಪು ಚಿತ್ರಕ್ಕೆ ಕೈಯಿಂದ ಬಣ್ಣ ಹಚ್ಚುವುದು ವಾಡಿಕೆಯಾಗಿತ್ತು.

ಗಣಕಯಂತ್ರ ತಂದ ಬದಲಾವಣೆ

1982ರ ಫೆಬ್ರವರಿಯಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ ಮುಖಪುಟಕ್ಕೆ ಹೊಂದಲೆಂದು ಈಜಿಪ್ಟಿನ ಪಿರಮಿಡ್ಡುಗಳನ್ನು ಹತ್ತಿರಕ್ಕೆ ಸರಿಸಿ ಟೀಕೆಗೆ ಗುರಿಯಾಯಿತು. 1990ರಲ್ಲಿ ಫೋಟೋಶಾಪ್ ಬಂದ ಮೇಲೆ ಅಂತಹ ಕೆಲಸ ಕ್ರಮೇಣ ಸಾಮಾನ್ಯರ ಕೈಗೂ ಎಟುಕಿತು. ತಿದ್ದಿದ ಗುರುತು ಮಾತ್ರ ಸಾಮಾನ್ಯ ಕಣ್ಣಿಗೆ ಕಾಣದಾಯಿತು.

ಎಲ್ಲೆ ಎಲ್ಲಿ?

ನಾಗಪುರದ ನಮ್ಮವರು ತಾಡೋಬಾ ಅರಣ್ಯಕ್ಕೆ ಹೋಗಿ ಹುಲಿಯ ಚಿತ್ರ ತೆಗೆಯುವುದುಂಟು. ಹುಲಿಯ ಮುಖಕ್ಕೆ ಅಡ್ಡ ಬಂದ ಹುಲ್ಲಿನ ಎಸಳನ್ನು ಅಳಿಸಬಹುದೇ? ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು 2014ರಲ್ಲಿ ಒಪ್ಪಿದ ವ್ಯಾಖ್ಯೆಯ ಪ್ರಕಾರ ನಿಸರ್ಗ ವಿಭಾಗದಲ್ಲಿ ಅದು ಸಲ್ಲದು. ಚಿತ್ರದ ಅಂಚನ್ನು ಕತ್ತರಿಸಬಹುದು. ಏನನ್ನೂ ಸೇರಿಸುವಂತಿಲ್ಲ, ಸರಿಸುವಂತಿಲ್ಲ, ಅಳಿಸುವಂತಿಲ್ಲ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932-2017) ಅವರಂತಹ ವನ್ಯಜೀವಿ ಛಾಯಾಗ್ರಾಹಕರು ಕಾದು ಕುಳಿತು ತೆಗೆದ ಚಿತ್ರಗಳ ಬೆಲೆ ಇಂತಹ ವಿಶ್ವಾಸದ ಮೇಲೆಯೇ ನಿಂತಿದೆ. ಕಲ್ಪನೆಯ ಚಿತ್ರಕ್ಕೆ ಈ ಕಟ್ಟುಪಾಡಿಲ್ಲ; ಅದು ತನ್ನನ್ನು ಸಾಕ್ಷಿಯೆಂದು ಹೇಳಿಕೊಳ್ಳದಿದ್ದರೆ ಸಾಕು.

ಮನೆಯ ಚಿತ್ರಗಳು

ಗೆದ್ದಲು ಹಿಡಿದಿದ್ದ ನನ್ನ ತಾಯಿಯ ಚಿತ್ರವನ್ನು ಒಮ್ಮೆ ಸರಿಪಡಿಸಲು ಕೊಟ್ಟಿದ್ದೆ. ಹೊಳೆಯುವ ಪ್ರತಿ ಬಂದಿತು. ಸುಕ್ಕುಗಳಿರಲಿಲ್ಲ, ಕೆನ್ನೆಯ ಮೇಲಿನ ಸಿಡುಬಿನ ಕಲೆಯೂ ಇರಲಿಲ್ಲ. ಬಂಧುಗಳು ಮೆಚ್ಚಿದರು; ಅಮ್ಮನನ್ನು ಕಂಡೇ ಇರದ ಮೊಮ್ಮಕ್ಕಳಿಗೆ ಈಗ ಅದೇ ಅವರ ಮುಖ. ನನಗೆ ಮಾತ್ರ ಆ ಕಲೆಯಿಲ್ಲದೆ ಅಮ್ಮನ ಗುರುತು ಹತ್ತುವುದಿಲ್ಲ. ಇಂದಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಇನ್ನೂ ಮುಂದೆ ಹೋಗಿ, ಅಳಿದುಹೋದ ಕಣ್ಣು-ಮೂಗನ್ನು ಊಹಿಸಿ ತುಂಬುತ್ತವೆ. ಅದು ನೆನಪಲ್ಲ, ಊಹೆ.

ಆದುದರಿಂದ ಹಳೆಯ ಚಿತ್ರವನ್ನು ಮೊದಲು ಇದ್ದಂತೆಯೇ ಸ್ಕ್ಯಾನ್ ಮಾಡಿಸಿ, ಹೆಸರು, ಊರು, ವರ್ಷಗಳನ್ನು ಬರೆದಿಡುವುದು ಒಳಿತು. ತಿದ್ದುವುದಾದರೆ ನಕಲನ್ನು ತಿದ್ದಿ, ‘ತಿದ್ದಿದ ಪ್ರತಿ’ ಎಂದು ನಮೂದಿಸಬೇಕು. ಮೂಲವನ್ನು, ಅದು ಎಷ್ಟೇ ಮಾಸಿದ್ದರೂ, ಎಸೆಯಬಾರದು.