ಹೈಟೆಕ್: ಗಾಜಿನ ಕಟ್ಟಡದಿಂದ ಶೌಚಾಲಯದವರೆಗೆ

‘ಹೈ ಟೆಕ್ನಾಲಜಿ’ಯನ್ನು ಮೊಟಕು ಮಾಡಿದ ಪದ ಹೈಟೆಕ್. ಒಂದು ಕಾಲದಲ್ಲಿ ಸಿಗುವ ತಂತ್ರಜ್ಞಾನಗಳಲ್ಲಿ ಎಲ್ಲಕ್ಕಿಂತ ಮುಂದಿರುವುದು ಎಂದು ಅದರ ಅರ್ಥ. ಪಠ್ಯಪುಸ್ತಕದವರು ‘ಉನ್ನತ ತಂತ್ರಜ್ಞಾನ’ ಎನ್ನುತ್ತಾರೆ. ಆದರೆ ‘ಉನ್ನತ ತಂತ್ರಜ್ಞಾನದ ಶೌಚಾಲಯ’ ಎಂಬ ಫಲಕವನ್ನು ಯಾರೂ ಬರೆಸುವುದಿಲ್ಲ. ‘ಹೈಟೆಕ್ ಶೌಚಾಲಯ’ ಊರೂರಲ್ಲೂ ಇದೆ.

ಪದ ಬಂದ ದಾರಿ

1950ರ ದಶಕದ ಕೊನೆಗೆ, ಅಣುಶಕ್ತಿಯ ಮಾತು ಜೋರಾಗಿದ್ದಾಗ, ‘ಹೈ ಟೆಕ್ನಾಲಜಿ’ ಅಮೆರಿಕದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. 1970ರ ದಶಕದ ಆರಂಭದಲ್ಲಿ ಹಣಕಾಸು ಅಂಕಣಗಳು ಅದನ್ನು ಕತ್ತರಿಸಿ ‘ಹೈಟೆಕ್’ ಮಾಡಿದವು. ಅರ್ಥಶಾಸ್ತ್ರಜ್ಞರಿಗೆ ಇದೊಂದು ಲೆಕ್ಕದ ವಿಷಯ. ಉತ್ಪಾದನೆಯ ಮೌಲ್ಯಕ್ಕೆ ಹೋಲಿಸಿದರೆ ಸಂಶೋಧನೆಗೆ ಎಷ್ಟು ಹಣ ಸುರಿಯುತ್ತಾರೆ ಎಂದು ನೋಡಿ, ಮುಂದುವರಿದ ದೇಶಗಳ ಆರ್ಥಿಕ ಒಕ್ಕೂಟವಾದ ಒಇಸಿಡಿ ಉದ್ಯಮಗಳನ್ನು ವಿಂಗಡಿಸಿತು. ವಿಮಾನ ಮತ್ತು ಬಾಹ್ಯಾಕಾಶ, ಔಷಧ, ಕಂಪ್ಯೂಟರ್, ಸಂಪರ್ಕ ಸಾಧನ, ವೈದ್ಯಕೀಯ ಹಾಗೂ ನಿಖರ ಅಳತೆಯ ಉಪಕರಣಗಳು ಮೇಲಿನ ಸಾಲಿಗೆ ಬಂದವು. ಶೌಚಾಲಯಕ್ಕೆ ಆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ.

ಕನ್ನಡದ ಹೈಟೆಕ್

ನಮ್ಮಲ್ಲಿ ಈ ಪದವನ್ನು ಹೆಚ್ಚು ದುಡಿಸಿಕೊಂಡವರು ಜಿಲ್ಲಾ ಸುದ್ದಿಯ ವರದಿಗಾರರು ಮತ್ತು ಶಂಕುಸ್ಥಾಪನೆಗೆ ಬರುವ ರಾಜಕಾರಣಿಗಳು. ‘ಸರ್ಕಾರಿ ಶಾಲೆಗೆ ಹೈಟೆಕ್ ಸ್ಪರ್ಶ’ ಎಂಬ ಶೀರ್ಷಿಕೆ ವರ್ಷಕ್ಕೆ ಎಷ್ಟು ಸಲ ಅಚ್ಚಾಗುತ್ತದೋ! ಬಸ್ ನಿಲ್ದಾಣ, ಗ್ರಂಥಾಲಯ, ಅಂಗನವಾಡಿ, ಮೀನು ಮಾರುಕಟ್ಟೆ, ಸ್ಮಶಾನ, ಯಾವುದನ್ನೂ ಈ ಸ್ಪರ್ಶ ಬಿಟ್ಟಿಲ್ಲ. ಅಪರಾಧ ಸುದ್ದಿಯಲ್ಲಿ ‘ಹೈಟೆಕ್ ಜೂಜು ಅಡ್ಡೆ’, ‘ಹೈಟೆಕ್ ವೇಶ್ಯಾವಾಟಿಕೆ’ ಬರುತ್ತವೆ. ಅಲ್ಲಿ ಯಂತ್ರದ ಸುಳಿವೂ ಇರುವುದಿಲ್ಲ. ಗಿರಾಕಿಗಳು ಕಾರಿನಲ್ಲಿ ಬರುತ್ತಾರೆ ಎಂದಷ್ಟೇ ತಾತ್ಪರ್ಯ.

‘ಹೈಟೆಕ್’ ಎನಿಸಿಕೊಂಡ ಬಸ್ ನಿಲ್ದಾಣವನ್ನೇ ನೋಡಿ. ನುಣುಪಾದ ಗ್ರಾನೈಟ್ ನೆಲ, ತೂತು ತೂತಿನ ಸ್ಟೀಲ್ ಬೆಂಚು, ಮುಂಭಾಗಕ್ಕೆ ನೀಲಿ ಗಾಜು, ಕೆಂಪಕ್ಷರ ಓಡುವ ಎಲ್‌ಇಡಿ ಫಲಕ. ಬಸ್ಸು ಹಳೆಯದೇ, ಹೊರಡುವ ಹೊತ್ತನ್ನು ತಿಳಿಯಲು ಕಂಡಕ್ಟರನ್ನೇ ಕೇಳಬೇಕು. ಅಂದರೆ ಕನ್ನಡದಲ್ಲಿ ಹೈಟೆಕ್ ಎಂಬುದು ತಂತ್ರಜ್ಞಾನದ ಮಟ್ಟವನ್ನಲ್ಲ, ಮೇಲ್ನೋಟದ ಥಳಕನ್ನು ಹೇಳುತ್ತದೆ. ಆದ್ದರಿಂದಲೇ ಅದರ ವಿರುದ್ಧ ಪದವಾಗಿ ‘ಲೋಟೆಕ್’ ಬಳಕೆಗೆ ಬರಲಿಲ್ಲ. ಆ ಕೆಲಸವನ್ನು ‘ಲೋಕಲ್’ ಮಾಡುತ್ತಿದೆ. ಮನೆಮಾತಿನಲ್ಲಿ ಹೈಟೆಕ್ ಕೀಟಲೆಗೂ ಒದಗುತ್ತದೆ: ಹೊಸ ಫೋನು, ಕಪ್ಪು ಕನ್ನಡಕದಲ್ಲಿ ಊರಿಗೆ ಬಂದ ತಮ್ಮನಿಗೆ “ಏನಪ್ಪಾ, ಭಾರೀ ಹೈಟೆಕ್ ಆಗ್ಬಿಟ್ಟಿದ್ದೀಯ!”

ಪೀಣ್ಯದ ಶೆಡ್ಡು, ಎತ್ತಿನ ಗಾಡಿ

ನಿಜವಾದ ಉನ್ನತ ತಂತ್ರಜ್ಞಾನಕ್ಕೆ ಥಳಕಿನ ಹಂಗಿಲ್ಲ. ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಯು. ಆರ್. ರಾವ್ ಅವರ ತಂಡ ಕಟ್ಟಿದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಸುಮಾರು 360 ಕಿಲೋ ತೂಕದ ಅದು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಇನ್ನೂ ಸ್ವಾರಸ್ಯದ್ದು ‘ಆ್ಯಪಲ್’ ಸಂಪರ್ಕ ಉಪಗ್ರಹದ ಕತೆ. ಆಂಟೆನಾ ಪರೀಕ್ಷೆಗೆ ಅದನ್ನು ಬಯಲಿಗೆ ಒಯ್ಯಬೇಕಿತ್ತು. ಲೋಹದ ವಾಹನದ ಮೇಲಿಟ್ಟರೆ ರೇಡಿಯೊ ತರಂಗಗಳು ಅದಕ್ಕೇ ಬಡಿದು ಪ್ರತಿಫಲಿಸಿ ಅಳತೆ ಕೆಡುತ್ತದೆ. ಹೀಗಾಗಿ ಇಸ್ರೊದವರು ಎತ್ತಿನ ಗಾಡಿ ತರಿಸಿದರು. ಗಾಡಿಯ ಮೇಲೆ ಉಪಗ್ರಹ ಕೂತ ಚಿತ್ರವನ್ನು ಬಡತನದ ಗುರುತೆಂದು ತೋರಿಸುವವರು ಇಂದಿಗೂ ಇದ್ದಾರೆ. ಮರದ ಗಾಡಿ ಅಲ್ಲಿ ಬಂದದ್ದು ಭೌತವಿಜ್ಞಾನದ ಕಾರಣಕ್ಕೆ. 1981ರ ಜೂನ್ 19ರಂದು ಯುರೋಪಿನ ಏರಿಯಾನ್ ರಾಕೆಟ್ ಆ್ಯಪಲನ್ನು ಕಕ್ಷೆಗೆ ಒಯ್ದಿತು.

ಬ್ರೂಕ್‌ಫೀಲ್ಡ್‌ನಲ್ಲಿ

ಬೆಂಗಳೂರಿನ ಕುಂದಲಹಳ್ಳಿಗೆ ಅಂಟಿಕೊಂಡ ಬ್ರೂಕ್‌ಫೀಲ್ಡ್‌ನಲ್ಲಿ ‘ಹೈ’ ಉದುರಿ ‘ಟೆಕ್’ ಉಳಿದಿದೆ. ಇದಕ್ಕೆ ಮುಖ್ಯ ಕಾರಣ ಪಕ್ಕದ ಐಟಿಪಿಎಲ್. 1994ರಲ್ಲಿ ಭಾರತ ಮತ್ತು ಸಿಂಗಪುರದ ಜಂಟಿ ಉದ್ಯಮವಾಗಿ ಶುರುವಾದ ಈ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ‘ಟೆಕ್ ಪಾರ್ಕ್’ ಎಂಬ ಜೋಡಿಪದವನ್ನು ಬೆಂಗಳೂರಿನ ನಾಲಗೆಗೆ ಹಚ್ಚಿತು. ಕಂಪನಿಯ ಹೆಸರು ಆಮೇಲೆ ಬದಲಾದರೂ ರಸ್ತೆಗೆ, ಬಸ್ಸಿನ ಬೋರ್ಡಿಗೆ, ಆಟೊದವರಿಗೆ ಅದು ಐಟಿಪಿಎಲ್ಲೇ. ಅಲ್ಲಿ ದುಡಿಯುವವರು ‘ಟೆಕ್ಕಿ’ಗಳಾದರು. ಪತ್ರಿಕೆಗಳು ‘ಮಹಿಳಾ ಟೆಕ್ಕಿ’, ‘ಟೆಕ್ಕಿ ದಂಪತಿ’ ಎಂದೂ ಬೆಳೆಸಿದವು. ಬಾಡಿಗೆ ಮನೆಯ ಮಾಲೀಕರಿಗೆ ಟೆಕ್ಕಿ ಎಂದರೆ ತಿಂಗಳ ಮೊದಲ ವಾರ ಹಣ ತಪ್ಪದವರು.

ಸಾಫ್ಟ್‌ವೇರ್ ಕಂಪನಿಗಳ ಒಳಗೆ ‘ಹೈಟೆಕ್’ ಗ್ರಾಹಕರ ಒಂದು ವರ್ಗದ ಹೆಸರು: ಚಿಪ್ಪು, ಕಂಪ್ಯೂಟರ್, ನೆಟ್‌ವರ್ಕ್ ಸಾಧನ ತಯಾರಿಸುವವರಿಗಾಗಿ ಕೆಲಸ ಮಾಡುವ ವಿಭಾಗ. “ನಾನು ಹೈಟೆಕ್‌ನಲ್ಲಿದ್ದೀನಿ, ಅವಳು ಬ್ಯಾಂಕಿಂಗ್‌ನಲ್ಲಿದ್ದಾಳೆ” ಎಂದು ಅಲ್ಲಿನವರು ಹೇಳುವುದು ಇದೇ ಅರ್ಥದಲ್ಲಿ. ಸಂಜೆ ಅದೇ ಮನುಷ್ಯ ಕ್ಷೌರಕ್ಕೆ ಹೋಗುವ ಅಂಗಡಿಯ ಫಲಕದಲ್ಲೂ ‘ಹೈಟೆಕ್’ ಇರಬಹುದು. ಅಲ್ಲಿ ಅದರರ್ಥ ಎಸಿ ಉಂಟು, ದರ ತುಸು ಜಾಸ್ತಿ.

ಜಾಗ ಬಿಡುತ್ತಿರುವ ಪದ

ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆ 2015ರಲ್ಲಿ ಬಂದ ಮೇಲೆ ತುಮಕೂರು, ದಾವಣಗೆರೆ, ಬೆಳಗಾವಿಯಂಥ ಊರುಗಳಲ್ಲಿ ‘ಸ್ಮಾರ್ಟ್’ ಮುಂದೆ ಬಂತು: ಸ್ಮಾರ್ಟ್ ರಸ್ತೆ, ಸ್ಮಾರ್ಟ್ ಕ್ಲಾಸ್. ಶೌಚಾಲಯದ ಮಟ್ಟಿಗೆ ಹೈಟೆಕ್ ಇನ್ನೂ ಸೋತಿಲ್ಲ.